ಕ್ಲೋಸ್ ಆಗದ ಕಂಪ್ಲೇಂಟು

ಕುಮಾರಿ ಸಿಟ್ಟು ಬಂದಾಗ ಕೂಗಾಡುವವಳಲ್ಲ. ಧ್ವನಿ ತಗ್ಗುತ್ತಿತ್ತು. ಎದುರಿಗಿದ್ದವರು ಕಿವಿಗೊಟ್ಟು ಕೇಳಬೇಕಾಗುತ್ತಿತ್ತು, ಕೇಳಿದ ಮೇಲೆ ಯಾಕಾದರೂ ಕೇಳಿಸಿಕೊಂಡೆವೋ ಅನ್ನಿಸುತ್ತಿತ್ತು. ಹದಿಮೂರು ವರ್ಷ ಅವಳ ಜೊತೆ ಒಂದೇ ಆಫೀಸಿನಲ್ಲಿದ್ದವನು ನಾನು, ಮಾದೇಶ, ಸೋಲಾರ್ ಬೇಲಿ ರಿಪೇರಿ ಮಾಡುವ ಟೆಕ್ನಿಷಿಯನ್. ಆ ತಗ್ಗಿದ ಧ್ವನಿಯನ್ನು ನಾನೂ ಕೇಳಿದ್ದೇನೆ, ನನ್ನ ತಪ್ಪಿಗೇ ಕೇಳಿದ್ದೇನೆ. ಅದನ್ನು ಬಚ್ಚಿಟ್ಟು ಅವಳ ಕತೆ ಹೇಳಿದರೆ ಅದೂ ಇನ್ನೊಂದು ಸುಳ್ಳಾಗುತ್ತದೆ.

ನಮ್ಮ ಕಂಪನಿಗೆ ಮೈಸೂರಿನಲ್ಲಿ ಹೆಡ್ ಆಫೀಸು, ಚಾಮರಾಜನಗರದಲ್ಲಿ ಗೋಡೌನು, ಗುಂಡ್ಲುಪೇಟೆಯಲ್ಲಿ ಬ್ರಾಂಚು. ಕಾಡಂಚಿನ ಹೊಲಗಳ ಸುತ್ತ ತಂತಿ ಎಳೆದು, ಒಂದು ಪ್ಯಾನಲ್ಲು, ಒಂದು ಬ್ಯಾಟರಿ, ಶಾಕ್ ಕೊಡುವ ಒಂದು ಮಿಷನ್ನು ಕೂರಿಸಿ ಬರುವುದು ಕೆಲಸ. ಎಲ್ಲ ಸರಿಯಿದ್ದರೆ ಆನೆ, ಹಂದಿ ತಂತಿ ಮುಟ್ಟಿ ಹಿಂದೆ ಸರಿಯುತ್ತವೆ. ಬ್ಯಾಟರಿ ಸತ್ತರೆ ಅದು ಬರೀ ತಂತಿ. ಬೇಲಿ ಸತ್ತಿದೆ ಅನ್ನುವುದು ಆನೆಗೆ ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ. ಕಂಪನಿಯಿಂದ ಒಬ್ಬ ಮನುಷ್ಯ ಹೊಲಕ್ಕೆ ಬರುವುದಕ್ಕೆ ಹತ್ತೊಂಬತ್ತು ದಿನ ಹಿಡಿಯುತ್ತಿತ್ತು. ಈ ಹತ್ತೊಂಬತ್ತನ್ನು ಮೊದಲು ಎಣಿಸಿದವಳು ಕುಮಾರಿ.

ಅವಳು ಸೇರಿದ್ದು 2010ರಲ್ಲಿ, ಫೋನ್ ಎತ್ತುವ ಕೆಲಸಕ್ಕೆ. ಊರು ಕುದೇರು. ಅಪ್ಪ ದೊಡ್ಡಮಾದಯ್ಯ, ಅವ್ವ ಮಲ್ಲಿಗಮ್ಮ, ಇಬ್ಬರೂ ಬೇರೆಯವರ ಹೊಲದಲ್ಲಿ ಕೂಲಿ ಮಾಡಿದವರು. ಚಾಮರಾಜನಗರದ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಮುಗಿಸಿ, ಒಂದು ವರ್ಷ ಕಂಪ್ಯೂಟರ್ ಕಲಿತಿದ್ದಳು. ನಮ್ಮ ಬ್ರಾಂಚ್ ಮ್ಯಾನೇಜರ್ ಬಸವಪ್ರಸಾದ್ ಕೂಡ ಕುದೇರಿನವರೇ, ದೊಡ್ಡ ಹಿಡುವಳಿಯ ಮನೆಯವರು. ಆ ಮನೆಯ ಅರಿಶಿನದ ಹೊಲದಲ್ಲಿ ಮಲ್ಲಿಗಮ್ಮ ಕಳೆ ಕಿತ್ತಿದ್ದರು. ಬಸವಪ್ರಸಾದ್ ಅರ್ಜಿ ಓದಿ ಮುಖ ಎತ್ತಿದರು.

"ಅಲ್ಲಾ, ನೀನು ನಮ್ಮ ದೊಡ್ಡಮಾದನ ಮಗಳಲ್ವಾ?"

"ದೊಡ್ಡಮಾದಯ್ಯನವರ ಮಗಳು ಸಾರ್," ಅಂದಳು ಕುಮಾರಿ.

ಅವರು ನಕ್ಕರು. ಹುಡುಗಿ ಚೂಟಿ ಅಂದುಕೊಂಡಿರಬೇಕು. ಕೆಲಸ ಕೊಟ್ಟರು. ಅಕೌಂಟ್ಸಿನಲ್ಲಿದ್ದ ಹೆಂಗಸನ್ನು "ಸುಧಾಮಣಿಯವರೇ, ಸ್ವಲ್ಪ ಬನ್ನಿ" ಎಂದು ಕರೆಯುತ್ತಿದ್ದವರು ಇವಳನ್ನು ಕೊನೆಯ ದಿನದವರೆಗೂ "ಏ ಕುಮಾರಿ, ಬಾ ಇಲ್ಲಿ" ಅಂದೇ ಕರೆದರು. ನಾನೂ ಅವಳನ್ನು ಏಕವಚನದಲ್ಲೇ ಮಾತಾಡಿಸುತ್ತೇನೆ. ಅದು ತಂಗಿ ಅನ್ನುವ ಸಲುಗೆ, ಅವಳೂ ನನ್ನನ್ನು ನೀನು ಅನ್ನುತ್ತಾಳೆ. ಬಸವಪ್ರಸಾದರನ್ನು ನೀನು ಅನ್ನುವ ಹಕ್ಕು ಅವಳಿಗೆ ಇರಲಿಲ್ಲ.

ಮೊದಲ ಎರಡು ವರ್ಷ ಅವಳು ಫೋನ್ ಎತ್ತಿದಳು, ಪುಸ್ತಕದಲ್ಲಿ ಬರೆದಳು, ಬೈಸಿಕೊಂಡಳು. ರೈತರು ಬೈಯುತ್ತಿದ್ದದ್ದು ಕಂಪನಿಯನ್ನು, ಆದರೆ ಫೋನಿನಲ್ಲಿ ಸಿಗುತ್ತಿದ್ದವಳು ಇವಳೊಬ್ಬಳೇ. ಆಮೇಲೆ ಒಂದು ದಿನ, ತಪ್ಪಿಸಿಕೊಂಡ ಕರುವಿನ ಹೆಜ್ಜೆ ಹಿಡಿದು ಹೋಗುತ್ತಾರಲ್ಲ ಹಾಗೆ, ಒಂದೇ ಒಂದು ಕಂಪ್ಲೇಂಟಿನ ಹಿಂದೆ ಬಿದ್ದಳು. ರಜೆಯ ದಿನಗಳಲ್ಲಿ ತನ್ನ ಖರ್ಚಿನಲ್ಲೇ ಬಸ್ಸಿನಲ್ಲಿ ಓಡಾಡಿದಳು. ಗುಂಡ್ಲುಪೇಟೆಯ ಪುಸ್ತಕದಲ್ಲಿ ಬರೆದದ್ದು ಸೋಮವಾರದವರೆಗೂ ಅಲ್ಲೇ ಕೂತಿರುತ್ತದೆ. ಸೋಮವಾರ ಮೈಸೂರಿಗೆ ಹೋಗುತ್ತದೆ. ಅಲ್ಲಿ ಬ್ಯಾಟರಿ ಕೊಡಬಹುದು ಅಂತ ಒಬ್ಬರು ಸಹಿ ಹಾಕಬೇಕು, ಅವರು ವಾರಕ್ಕೆರಡು ದಿನ ಇರುತ್ತಾರೆ. ಸಹಿಯಾದ ಕಾಗದ ಚಾಮರಾಜನಗರದ ಗೋಡೌನಿಗೆ ಬರುತ್ತದೆ. ಗೋಡೌನಿನವನು ನಾಲ್ಕೈದು ಬ್ಯಾಟರಿ ಸೇರಲಿ ಅಂತ ಕಾದು, ತೆರಕಣಾಂಬಿ ಮೇಲೆ ಬರುವ ಬಸ್ಸಿಗೆ ಹಾಕುತ್ತಾನೆ. ಅದು ಬಂದ ಮೇಲೆ ನನ್ನಂಥವನು ಬೈಕ್ ಹತ್ತುತ್ತಾನೆ. ಹೊಲಕ್ಕೆ ಹೋಗಿ ನೋಡಿದರೆ ಎಷ್ಟೋ ಸಲ ಬ್ಯಾಟರಿಗೆ ಏನೂ ಆಗಿರುವುದಿಲ್ಲ. ತಂತಿಗೆ ಹುಲ್ಲು ತಾಗಿ ಕರೆಂಟು ನೆಲಕ್ಕೆ ಇಳಿದಿರುತ್ತದೆ, ಅಷ್ಟೇ.

ಅವಳು ಒಂದು ಹಾಳೆಯಲ್ಲಿ ಇಷ್ಟನ್ನೂ ಬರೆದು ಬಸವಪ್ರಸಾದರ ಮೇಜಿನ ಮೇಲಿಟ್ಟಳು. ಬ್ಯಾಟರಿ, ಮಿಷನ್ನು ಐದೈದು ಇಲ್ಲೇ ಇಟ್ಟುಕೊಳ್ಳೋಣ. ಫೋನ್ ಬಂದ ಕೂಡಲೇ ಮೂರು ಮಾತು ಕೇಳೋಣ: ಮಿಷನ್ ಲೈಟು ಮಿಣುಕುತ್ತಿದೆಯಾ, ಟಿಕ್ ಟಿಕ್ ಅನ್ನುತ್ತಿದೆಯಾ, ತಂತಿಗೆ ಹುಲ್ಲು ತಾಗಿದೆಯಾ. ರಿಪೇರಿ ಆದ ಮೇಲೆ ರೈತನಿಗೆ ನಾವೇ ಫೋನ್ ಮಾಡೋಣ. ಅವನು ತನ್ನ ಬಾಯಿಂದ "ಸರಿ ಹೋಯ್ತು" ಅನ್ನುವವರೆಗೂ ಕಂಪ್ಲೇಂಟು ಕ್ಲೋಸ್ ಮಾಡುವುದು ಬೇಡ.

ಈ ಕೊನೆಯ ಮಾತಿಗೆ ನಾವು ಟೆಕ್ನಿಷಿಯನ್‌ಗಳು ಕೆರಳಿದೆವು. "ಏನಮ್ಮಿ, ನಾವೇನು ಕಳ್ರಾ?" ಅಂತ ನಾನೇ ಕೇಳಿದೆ.

"ಕಳ್ರು ಅಂದ್ನಾ ಮಾದೇಶಣ್ಣ? ಬೇಲಿ ಸರಿ ಹೋಯ್ತಾ ಇಲ್ವಾ ಅನ್ನದು ಅದರ ಒಳಗೆ ಮಲಗೋರಿಗೆ ಗೊತ್ತು. ನೀನು ಗುಂಡ್ಲುಪ್ಯಾಟೇಲಿ ಮಲಗ್ತೀಯ."

ಒಂದು ವರ್ಷದಲ್ಲಿ ಹತ್ತೊಂಬತ್ತು ದಿನ ಮೂರಕ್ಕೆ ಇಳಿಯಿತು. ಅರ್ಧ ಕಂಪ್ಲೇಂಟುಗಳು ಫೋನಿನಲ್ಲೇ ಮುಗಿದುಹೋಗುತ್ತಿದ್ದವು. ನಮ್ಮ ತಾಲ್ಲೂಕಿನ ಕಾಡಂಚಿನ ಮದ್ದೂರು ಕಡೆಯ ಹೆಂಗಸರು ಬೇಲಿಯ ವಿಷಯ ಮುಗಿದ ಮೇಲೂ "ಊಟ ಆಯ್ತೇನವ್ವಾ" ಅಂತ ಇವಳನ್ನು ಕೇಳುತ್ತಿದ್ದರು.

ಕಂಪನಿಯವರು ಮೈಸೂರಿನ ಒಂದು ಹೋಟೆಲಿನಲ್ಲಿ ಸಮಾರಂಭ ಇಟ್ಟರು. ನಾವೆಲ್ಲ ವ್ಯಾನಿನಲ್ಲಿ ಹೋದೆವು. ಉತ್ತಮ ಗ್ರಾಹಕ ಸೇವೆಯ ಪ್ರಶಸ್ತಿಯನ್ನು ಬಸವಪ್ರಸಾದ್ ತೆಗೆದುಕೊಂಡರು. ದೊಡ್ಡ ಪರದೆಯ ಮೇಲೆ ಅವರ ಫೋಟೋ, ಕೆಳಗೆ ಅವರು ರೂಪಿಸಿದ ಹೊಸ ವಿಧಾನ. ಕುಮಾರಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಎಲ್ಲ ಸಿಬ್ಬಂದಿಗೂ ಕೊಟ್ಟಂತೆ ಅವಳಿಗೂ ಒಂದು ಸ್ಟೀಲ್ ಡಬ್ಬಿ ಕೊಟ್ಟರು. ವಾಪಸು ಬರುವಾಗ ನಂಜನಗೂಡಿನಲ್ಲಿ ಟೀಗೆ ಇಳಿದಾಗ ನಾನು ಏನೋ ಸಮಾಧಾನ ಹೇಳಲು ಹೋದೆ.

"ಆ ಪರದೆ ಓದ್ದಾ ಮಾದೇಶಣ್ಣ?" ಅಂದಳು, ಮೆಲ್ಲಗೆ. "ಎಲ್ಲ ನನ್ನ ವಾಕ್ಯನೇ. ನಾನು ಒಂದು ಕಾಗುಣಿತ ತಪ್ಪು ಬರೆದಿದ್ದೆ. ಅದನ್ನೂ ತಿದ್ದಿಲ್ಲ ಅವರು."

ಬಿಟ್ಟು ಹೋಗು, ಬೇರೆ ಕಡೆ ನೋಡಿಕೋ ಅಂದೆ. "ನಾನು ಇವತ್ತು ಹೋದ್ರೆ ನೀವು ನಾಳೆಯಿಂದ್ಲೇ ಸುಳ್ಳು ಕ್ಲೋಸ್ ಮಾಡ್ತೀರ," ಅಂದಳು. ನನಗೆ ಅವಮಾನವಾಯಿತು. ಅವಳ ಮಾತು ನಿಜವಾಗಲು ಎಂಟು ವರ್ಷ ಹಿಡಿಯಿತು, ಅಷ್ಟೇ ವ್ಯತ್ಯಾಸ.

ಆ ವರ್ಷ ಅವಳನ್ನು ಪ್ರಾಜೆಕ್ಟ್ ಕೋಆರ್ಡಿನೇಟರ್ ಮಾಡಿದರು. ಹೊಸ ಬೇಲಿಯ ಅಳತೆಯಿಂದ ಹಿಡಿದು ರಿಪೇರಿಯವರೆಗೆ ಎಲ್ಲವನ್ನೂ ಹೊಂದಿಸುವುದು ಅವಳ ಕೆಲಸವಾಯಿತು. ಯಾವ ಊರಿನ ದಾರಿ ಮಳೆಗೆ ಕೆಡುತ್ತದೆ, ಯಾವ ಹೊಲದವರು ಟೊಮೆಟೊ ಕೊಯ್ಲಿನ ವಾರ ಫೋನ್ ಎತ್ತುವುದಿಲ್ಲ, ಎಲ್ಲ ಅವಳಿಗೆ ಬಾಯಿಪಾಠ. ಸಂಜೆ ಐದೂವರೆಯ ಬಸ್ಸಿಗೆ ಚಾಮರಾಜನಗರದ ತನ್ನ ಬಾಡಿಗೆ ರೂಮಿಗೆ ಹೊರಡುತ್ತಿದ್ದಳು, ಬಸ್ಸಿನಲ್ಲೂ ಫೋನ್ ಅವಳ ಕಿವಿಗೇ ಅಂಟಿರುತ್ತಿತ್ತು.

2022ರಲ್ಲಿ ಹೆಡ್ ಆಫೀಸು ಆ್ಯಪ್ ತಂದಿತು. ಇನ್ನು ಮೇಲೆ ರೈತರು ಬ್ರಾಂಚಿಗೆ ಫೋನ್ ಮಾಡುವ ಹಾಗಿಲ್ಲ. ಒಂದೇ ನಂಬರು, ಅದರಲ್ಲಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುವ ಯಂತ್ರದ ಧ್ವನಿ. ನಲವತ್ತೆಂಟು ಗಂಟೆಯೊಳಗೆ ಪ್ರತಿ ಕಂಪ್ಲೇಂಟೂ ಕ್ಲೋಸ್ ಆಗಬೇಕು, ಆಗದಿದ್ದರೆ ಟೆಕ್ನಿಷಿಯನ್ ಹೆಸರಿನ ಮುಂದೆ ಕೆಂಪು ಗುರುತು. ನಾವು ಕ್ಲೋಸ್ ಅಂತ ಒತ್ತಿದ ಮೇಲೆ ರೈತನ ಮೊಬೈಲಿಗೆ ಇಂಗ್ಲಿಷಿನಲ್ಲಿ ಒಂದು ಮೆಸೇಜು ಹೋಗುತ್ತದೆ. ಒಂದು ದಿನದೊಳಗೆ ಅವನು ಉತ್ತರ ಕೊಡದಿದ್ದರೆ, ಗ್ರಾಹಕರು ತೃಪ್ತರು ಎಂದು ಆ್ಯಪ್ ತಾನೇ ಬರೆದುಕೊಳ್ಳುತ್ತದೆ.

"ಇಂಗ್ಲಿಷ್ ಓದಕ್ಕೆ ಬರದೆ ಇರೋರೆಲ್ಲ ತೃಪ್ತರಾ?" ಅಂತ ಅವಳು ಮೀಟಿಂಗಿನಲ್ಲಿ ಕೇಳಿದಳು. ಬಸವಪ್ರಸಾದ್ "ಏ ಕುಮಾರಿ, ಕೂತ್ಕೋ" ಅಂದರು. ಅವಳು ಮೈಸೂರಿಗೆ ಹನ್ನೊಂದು ಮೇಲ್ ಬರೆದಳು. ಮೂರಕ್ಕೆ "ನೋಟೆಡ್" ಅಂತ ಉತ್ತರ ಬಂತು. ಉಳಿದವಕ್ಕೆ ಅದೂ ಇಲ್ಲ.

ಇನ್ನು ನನ್ನ ವಿಷಯ. ಆಗ ನಮ್ಮನ್ನು ಐದು ಜನರಿಂದ ಮೂರು ಜನಕ್ಕೆ ಇಳಿಸಿದ್ದರು. ಮರುವರ್ಷದ ಜುಲೈ ಹದಿನಾಲ್ಕನೇ ತಾರೀಖು ನನ್ನ ಮೊಬೈಲಿನಲ್ಲಿ ಏಳು ಕಂಪ್ಲೇಂಟಿದ್ದವು. ನಾಲ್ಕು ಮುಗಿಸಿದೆ. ಮೂರಕ್ಕೆ ಸಮಯ ಮೀರುತ್ತಿತ್ತು. ಮದ್ದೂರು ರಸ್ತೆಯ ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಮೂರನ್ನೂ ಕ್ಲೋಸ್ ಅಂತ ಒತ್ತಿಬಿಟ್ಟೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ಹೀಗೆ ಹೇಳಿಕೊಂಡರೆ ಭಾರ ಇಳಿಯುತ್ತದೆ ಅಂದುಕೊಂಡಿದ್ದೆ, ಇಳಿದಿಲ್ಲ.

ಆ ಮೂರರಲ್ಲಿ ಒಂದು ಪುಟ್ಟಮಲ್ಲಮ್ಮನವರದು. ಅವರೂ ಗಂಡ ಚಿಕ್ಕಮಲ್ಲಪ್ಪನವರೂ ಕಾಡಿನ ಪಕ್ಕ ಎರಡೆಕರೆಯಲ್ಲಿ ಬಾಳೆ ಹಾಕಿದ್ದರು. ಬೇಲಿ ಸತ್ತಿದೆ ಅಂತ ಮೂರು ವಾರದಲ್ಲಿ ನಾಲ್ಕು ಸಲ ಫೋನ್ ಮಾಡಿದ್ದರು. ನಾಲ್ಕು ಸಲವೂ ಕ್ಲೋಸ್ ಆಗಿತ್ತು, ಕೊನೆಯದು ನನ್ನ ಬೆರಳಿನಿಂದ. ಬೇಲಿಯ ಮೇಲೆ ನಂಬಿಕೆ ಹೋದ ಮೇಲೆ ಚಿಕ್ಕಮಲ್ಲಪ್ಪ ಮೊದಲಿನ ಹಾಗೆ ಮರದ ಅಟ್ಟಣೆ ಹತ್ತಿ ಕಾವಲು ಕೂರಲು ಶುರು ಮಾಡಿದ್ದರು, ಅರವತ್ತೆಂಟನೇ ವಯಸ್ಸಿನಲ್ಲಿ. ಹದಿನೇಳನೇ ತಾರೀಖು ರಾತ್ರಿ ಆನೆ ಬಂದು ಅಟ್ಟಣೆಯ ಕಂಬಕ್ಕೆ ಮೈ ಉಜ್ಜಿತು. ಅವರು ಕೆಳಗೆ ಬಿದ್ದರು. ಸೊಂಟದ ಮೂಳೆ ಮುರಿಯಿತು. ಬೆಳಗಾಗುವವರೆಗೆ ಬಾಳೆಯ ಬುಡದಲ್ಲೇ ಬಿದ್ದಿದ್ದರಂತೆ.

ಬೆಳಗ್ಗೆ ಯಾರೋ ಕುಮಾರಿಯ ಸ್ವಂತ ನಂಬರಿಗೆ ಫೋನ್ ಮಾಡಿದರು. ಅವಳು ಕಂಪ್ಯೂಟರ್ ತೆರೆದು ನೋಡಿದಳು. ನಾಲ್ಕು ಸಾಲು, ನಾಲ್ಕರ ಮುಂದೆಯೂ ಗ್ರಾಹಕರು ತೃಪ್ತರು. ನಾನು ಒಳಗೆ ಬಂದಾಗ ತಲೆ ಎತ್ತದೆ ಕೇಳಿದಳು.

"ಹದಿನಾಲ್ಕನೇ ತಾರೀಖು ನೀನು ಪುಟ್ಟಮಲ್ಲಮ್ಮೋರ ಹೊಲಕ್ಕೆ ಹೋಗಿದ್ದಾ?"

"ಇಲ್ಲ."

"ಬಾ," ಅಂದಳು.

ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಪುಟ್ಟಮಲ್ಲಮ್ಮ ಬೆಂಚಿನ ಮೇಲೆ ಕೂತಿದ್ದರು. ಸೀರೆಯ ಅಂಚಿಗೆ ಹೊಲದ ಮಣ್ಣು ಹಾಗೇ ಇತ್ತು. ಕುಮಾರಿಯ ಧ್ವನಿ ಕೇಳಿ ಗುರುತು ಹಿಡಿದರು, ಮುಖ ನೋಡಿದ್ದು ಅದೇ ಮೊದಲು.

"ನೀನೇಯಾ ಆ ಪೋನಿನ ಉಡ್ಗಿ?" ಅಂದರು. "ನಾಕು ಸಲ ಮಾಡ್ದೆ ಕಣಮ್ಮಿ. ಒಂದು ಒತ್ತಿ ಅಂತು, ಒತ್ದೆ. ಎರಡು ಒತ್ತಿ ಅಂತು, ಒತ್ದೆ. ಆಮೇಲೆ ಅದ್ಯಾವ್ದೋ ಮೂಜಿಕ್ಕು ಆಕ್ಬುಡ್ತು. ಎಲ್ಲಾನುವೆ ಒತ್ದೆ ನಾನು. ಮೊದ್ಲೆಲ್ಲ ನೀನು ಎತ್ತಿದ್ದೆ, ಅವ್ವಾ ಟಿಕ್ ಟಿಕ್ ಅಂತದಾ ಅಂತ ಕೇಳ್ತಿದ್ದೆ. ಎಲ್ಲೋಗಿದ್ದೆ ನೀನು?"

ನಾನು ಬಾಯಿ ಬಿಡುವ ಮೊದಲೇ ಕುಮಾರಿ ನನ್ನನ್ನು ಮುಂದಕ್ಕೆ ನಿಲ್ಲಿಸಿದಳು. "ಹೇಳು," ಅಂದಳು, ಅದೇ ತಗ್ಗಿದ ಧ್ವನಿ. ಹೇಳಿದೆ. ಪುಟ್ಟಮಲ್ಲಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಟೀ ಕುಡೀತಾ ಒತ್ದಾ?" ಅಂದರು. ಹೌದು ಅಂದೆ. ಅವರು ಮುಖ ತಿರುಗಿಸಿಕೊಂಡರು.

ಮಾರನೇ ದಿನ ಬಸವಪ್ರಸಾದ್ ಒಂದು ವರದಿ ಸಿದ್ಧ ಮಾಡಿಸಿದ್ದರು. ತಂತಿಯ ಕೆಳಗಿನ ಹುಲ್ಲನ್ನು ರೈತರು ಕೊಯ್ದಿರಲಿಲ್ಲ, ನಮ್ಮ ಸಿಬ್ಬಂದಿ ನಾಲ್ಕು ಸಲ ಭೇಟಿ ಕೊಟ್ಟು ಎಚ್ಚರಿಸಿದ್ದರು ಅಂತ. ಕೆಳಗೆ ಪ್ರಾಜೆಕ್ಟ್ ಕೋಆರ್ಡಿನೇಟರ್ ಸಹಿಗೆ ಜಾಗ.

"ಸಹಿ ಹಾಕಲ್ಲ ಸಾರ್."

"ಏ, ಇದು ಫಾರ್ಮಾಲಿಟಿ."

"ಅವರ ಹೊಲದಲ್ಲಿ ಹುಲ್ಲಿಲ್ಲ ಸಾರ್. ನೆನ್ನೆ ಸಾಯಂಕಾಲ ಹೋಗಿ ನೋಡಿ ಬಂದೆ. ಫೋಟೋ ಇದೆ. ಬ್ಯಾಟರಿ ಒಣಗಿಹೋಗಿದೆ."

"ನಿಮ್ಮಪ್ಪಂಗೆ ಗೊತ್ತಾ, ನೀನು ನನ್ನ ಎದುರಿಗೆ ನಿಂತ್ಕೊಂಡು ಹೀಗೆ ಮಾತಾಡ್ತೀಯ ಅಂತ?"

ಆ ಭಾನುವಾರ ಅವರು ಕುದೇರಿಗೆ ಹೋದರು. ಹುಟ್ಟಿದಾಗಿನಿಂದ ಕಾಲಿಡದ ಬೀದಿಗೆ ಕಾರು ತಂದು ನಿಲ್ಲಿಸಿ ದೊಡ್ಡಮಾದಯ್ಯನವರ ಮನೆಯ ಜಗಲಿಯ ಮೇಲೆ ಕೂತರು. ಮಗಳಿಗೆ ಬುದ್ಧಿ ಹೇಳು, ನಾನು ಕೊಟ್ಟ ಕೆಲಸ ಅದು ಅಂದರು. ಅವರು ಹೋದ ಮೇಲೆ ದೊಡ್ಡಮಾದಯ್ಯ ಮಗಳಿಗೆ ಫೋನ್ ಮಾಡಿದ್ದನ್ನು ಅವಳೇ ನನಗೆ ಹೇಳಿದ್ದು.

"ಅಮ್ಮಿ, ಅವ್ರು ಬಂದಿದ್ರು. ನಮ್ಮ ಜಗಲಿ ಮ್ಯಾಲೆ ಕುಂತಿದ್ರು. ನಿಮ್ಮವ್ವ ನೀರು ಕೊಟ್ಳು. ಈಸ್ಕಂಡ್ರು, ಕುಡೀಲಿಲ್ಲ, ಪಕ್ಕಕ್ಕಿಟ್ರು. ಮೂವತ್ತು ವರ್ಸ ಅವ್ರ ಒಲ್ದಲ್ಲಿ ಗೇದಿವ್ನಿ ಕಣ, ಒಂದಿನಾನೂ ನನ್ನ ಮನೆ ಎಲ್ಲದೆ ಅಂತ ಕೇಳ್ನಿಲ್ಲ. ಇವತ್ತು ನಿನ್ನ ಕೈಲಿ ಸುಳ್ಳು ಬರೆಸಕ್ಕೆ ದಾರಿ ಕೇಳ್ಕಂಡು ಬಂದವ್ರೆ. ನೀನು ಏನು ಕಂಡ್ಯೋ ಅದ್ನೇ ಬರಿ. ಕೆಲ್ಸ ಓದ್ರೆ ಓಗ್ಲಿ ಬುಡು."

ಆವತ್ತಿನಿಂದ ಅವಳು ಫೋನ್ ಹಿಡಿದಳು. ಹಿಂದಿನ ಆರು ತಿಂಗಳಲ್ಲಿ ಕ್ಲೋಸ್ ಆದ ಮುನ್ನೂರ ಹನ್ನೆರಡು ಕಂಪ್ಲೇಂಟುಗಳ ಪಟ್ಟಿ ತೆಗೆದು, ಊಟದ ಹೊತ್ತಿನಲ್ಲಿ, ಬಸ್ಸಿನಲ್ಲಿ, ಬೆಳಗ್ಗೆ ಆಫೀಸು ತೆರೆಯುವ ಮೊದಲು ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಅರ್ಧ ನಾನು ಮಾಡಿದೆ. ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಹೊಲಕ್ಕೆ ಯಾರಾದರೂ ಬಂದಿದ್ದರಾ? ಯಾರೂ ಬಂದಿಲ್ಲ ಅಂದವರು ನೂರ ನಲವತ್ತೊಂದು ಜನ. ಅದರಲ್ಲಿ ಇಪ್ಪತ್ತಾರು ನಾನು ಕ್ಲೋಸ್ ಒತ್ತಿದ್ದವು.

ಆಗಸ್ಟಿನಲ್ಲಿ ಕಂಪನಿಯವರು ಚಾಮರಾಜನಗರದ ಒಂದು ಕಲ್ಯಾಣ ಮಂಟಪದಲ್ಲಿ ರೈತರ ಸಮಾವೇಶ ಇಟ್ಟುಕೊಂಡಿದ್ದರು. ಮೈಸೂರಿನಿಂದ ಡೈರೆಕ್ಟರ್ ಬಂದಿದ್ದರು, ಎರಡು ಜಿಲ್ಲೆಯಿಂದ ರೈತರನ್ನು ಬಸ್ಸಿನಲ್ಲಿ ಕರೆಸಿದ್ದರು. ಗ್ರಾಹಕರ ತೃಪ್ತಿ ನೂರಕ್ಕೆ ತೊಂಬತ್ತೇಳು ಅಂತ ವಿವರಿಸುವುದು ಕುಮಾರಿಯ ಸರದಿ. ಅವಳು ವೇದಿಕೆ ಹತ್ತಿ ಆ ಅಂಕಿಯನ್ನು ಓದಿದಳು. ಆಮೇಲೆ ಬ್ಯಾಗಿನಿಂದ ಹಾಳೆ ತೆಗೆದಳು.

"ಈಗ ನಾನು ಕೆಲವು ಹೆಸರು ಓದ್ತೀನಿ. ಇವರ ರಿಪೇರಿ ಆಗಿದೆ ಅಂತ ಕಂಪನಿ ಬರ್ಕೊಂಡಿದೆ. ಆಗಿಲ್ಲ ಅಂದ್ರೆ ಎದ್ದು ನಿಂತ್ಕೊಳ್ಳಿ."

ಮೊದಲನೆಯ ಹೆಸರು ಪುಟ್ಟಮಲ್ಲಮ್ಮನವರದು. ಅವರು ಬಂದಿರಲಿಲ್ಲ, ಮೈಸೂರಿನ ಆಸ್ಪತ್ರೆಯಲ್ಲಿ ಗಂಡನ ಮಂಚದ ಪಕ್ಕ ಇದ್ದರು. ಯಾಕೆ ಬಂದಿಲ್ಲ ಅನ್ನುವುದನ್ನೂ ಕುಮಾರಿ ಹೇಳಿದಳು. ಎರಡನೆಯ ಹೆಸರಿಗೆ ಒಬ್ಬರು ಎದ್ದರು. ಏಳನೆಯ ಹೆಸರಿನ ಹೊತ್ತಿಗೆ ಡೈರೆಕ್ಟರ್ ಎದ್ದು ಬಂದು, "ಮೇಡಂ, ಇದು ಸರಿಯಾದ ವೇದಿಕೆ ಅಲ್ಲ" ಅಂದರು.

"ಸರಿಯಾದ ವೇದಿಕೆಗೆ ಹನ್ನೊಂದು ಸಲ ಬರೆದಿದ್ದೀನಿ ಸಾರ್."

ಯಾರೋ ಮೈಕ್ ಆಫ್ ಮಾಡಿದರು. ಆಗ ಮುಂದಿನ ಸಾಲಿನಲ್ಲಿದ್ದ ಮೂಗಯ್ಯ ಅನ್ನುವ ಈರುಳ್ಳಿ ಬೆಳೆಗಾರ ವೇದಿಕೆಯ ಪಕ್ಕಕ್ಕೆ ಬಂದು ನಿಂತರು. "ನೀನು ಓದು ಕಣಮ್ಮಿ, ನಾನು ಕೂಗ್ತೀನಿ," ಅಂದರು. ಅವಳು ಓದಿದ ಪ್ರತಿ ಹೆಸರನ್ನೂ ಅವರು ಮಂಟಪದ ಕೊನೆಗೆ ಕೇಳುವ ಹಾಗೆ ಕೂಗಿದರು. ಒಬ್ಬೊಬ್ಬರೇ ಎದ್ದರು. ಪಟ್ಟಿಯಲ್ಲಿಲ್ಲದವರೂ ಎದ್ದು, "ನಮ್ಮೂರ್ದು ಓದ್ಲೇ ಇಲ್ವಲ್ಲಾ" ಅಂತ ಜಗಳಕ್ಕೆ ಬಂದರು. ಬಸವಪ್ರಸಾದ್ ಹಿಂದಿನ ಬಾಗಿಲಿನಿಂದ ಹೊರಗೆ ಹೋದರು. ಊಟ ಬಡಿಸುವುದಕ್ಕೂ ಆಗಲಿಲ್ಲ.

ಆಮೇಲಿನದು ಹೀಗೆ. ರೈತರು ಗುಂಡ್ಲುಪೇಟೆಯ ಆಫೀಸಿನ ಮುಂದೆ ಎರಡು ದಿನ ಕೂತ ಮೇಲೆ ಚಿಕ್ಕಮಲ್ಲಪ್ಪನವರ ಚಿಕಿತ್ಸೆಯನ್ನು ಕಂಪನಿ ವಹಿಸಿಕೊಂಡಿತು. ಅವರು ಈಗ ಕೋಲು ಹಿಡಿದು ನಡೆಯುತ್ತಾರೆ, ಹೊಲಕ್ಕೆ ಹೋಗಲಾರರು. ನನ್ನನ್ನು ಒಂದು ತಿಂಗಳು ಸಸ್ಪೆಂಡ್ ಮಾಡಿದರು, ಅದು ಕಡಿಮೆಯಾಯಿತು. ಬಸವಪ್ರಸಾದರನ್ನು ಬೇರೆ ಜಿಲ್ಲೆಗೆ ಕಳಿಸಿದರು, ಈಗ ಅಲ್ಲಿ ಇನ್ನೂ ದೊಡ್ಡ ಹುದ್ದೆಯಲ್ಲಿದ್ದಾರೆ. ಕುಮಾರಿಗೆ ಒಂಬತ್ತನೇ ದಿನಕ್ಕೆ ಕಾಗದ ಬಂತು: ಶಿಸ್ತು ಉಲ್ಲಂಘನೆ, ಕೆಲಸದಿಂದ ವಜಾ. ಸುಳ್ಳು ಬರೆದವರಿಗೆ ವರ್ಗ, ನಿಜ ಓದಿದವಳಿಗೆ ಮನೆ ದಾರಿ. ಅವಳು ಕೇಸು ಹಾಕಿದ್ದಾಳೆ, ತಾರೀಖಿನ ಮೇಲೆ ತಾರೀಖು ಬೀಳುತ್ತಿದೆ.

ಈಗ ಮದ್ದೂರು ಕಡೆಯ ನೂರ ಅರವತ್ತು ಮನೆಯವರು ಸೇರಿ ತಮ್ಮದೇ ಒಂದು ಸಂಘ ಮಾಡಿಕೊಂಡಿದ್ದಾರೆ. ಬೇಲಿಗಳ ಉಸ್ತುವಾರಿ ಕುಮಾರಿಯದು. ಗುಂಡ್ಲುಪೇಟೆಯ ಒಂದು ಈರುಳ್ಳಿ ಮಂಡಿಯ ಹಿಂದೆ ಸಣ್ಣ ರೂಮು, ಎರಡು ಫೋನು. ನಾನು ಕಂಪನಿ ಬಿಟ್ಟು ಅವಳ ಹತ್ತಿರ ಹೋಗಿ ಕೆಲಸ ಕೇಳಿದೆ. "ಪುಟ್ಟಮಲ್ಲಮ್ಮೋರನ್ನ ಕೇಳ್ಕೊಂಡು ಬಾ," ಅಂದಳು. ಹೋಗಿ ಕೇಳಿದೆ. ನಾಲ್ಕನೇ ದಿನ ಅವರು "ಬತ್ತಾನಾದ್ರೆ ಬರ್ಲಿ, ಮೊದ್ಲು ನಮ್ಮ ತಂತಿ ಬಿಗಿ ಮಾಡ್ಲಿ" ಅಂತ ಕುಮಾರಿಗೆ ಫೋನ್ ಮಾಡಿದರು.

ನಾಲ್ಕು ತಿಂಗಳ ಹಿಂದೆ ಮೈಸೂರಿನ ಹೆಡ್ ಆಫೀಸಿನಿಂದ ಹೊಸ ಅಧಿಕಾರಿಯೊಬ್ಬರು ಅವಳಿಗೆ ಫೋನ್ ಮಾಡಿದ್ದರು. ನಾನು ಪಕ್ಕದಲ್ಲೇ ಬ್ಯಾಟರಿಗೆ ನೀರು ತುಂಬುತ್ತಿದ್ದೆ. ಗಿರಾಕಿಗಳು ಕಳಚಿಕೊಳ್ಳುತ್ತಿದ್ದಾರೆ, ನಿಮ್ಮ ಹಳೆಯ ವಿಧಾನವನ್ನು ನಮ್ಮ ಎಲ್ಲ ಬ್ರಾಂಚಿನವರಿಗೂ ಬಂದು ಕಲಿಸಿ, ಆದದ್ದು ಆಯಿತು ಮರೆತುಬಿಡಿ ಅಂದರು. ಬಹಳ ಮರ್ಯಾದೆಯಿಂದ, ಮೇಡಂ ಮೇಡಂ ಅಂತಲೇ ಮಾತಾಡಿದರು.

"ಬರ್ತೀನಿ," ಅಂದಳು ಕುಮಾರಿ. "ಆ ವಿಧಾನ ನಂದು ಅಂತ, ನನ್ನನ್ನ ಕೆಲಸದಿಂದ ತೆಗೆದಿದ್ದು ತಪ್ಪು ಅಂತ ಕಂಪನಿ ಕಾಗದದಲ್ಲಿ ಬರ್ಕೊಡಿ. ಮಾರನೇ ದಿನವೇ ಬರ್ತೀನಿ."

"ಅದನ್ನೆಲ್ಲ ಬಾಯಲ್ಲೇ ಹೇಳ್ತೀವಲ್ಲ ಮೇಡಂ..."

"ಬೈದಿದ್ದು ಬಾಯಲ್ಲಿ. ತೆಗೆದಿದ್ದು ಕಾಗದದಲ್ಲಿ."

ನೋಡುತ್ತೇವೆ ಅಂದರು ಅವರು. ಇವತ್ತಿನವರೆಗೂ ಕಾಗದ ಬಂದಿಲ್ಲ. ಅವಳು ಕಾಯುತ್ತಲೂ ಇಲ್ಲ, ಮರೆತೂ ಇಲ್ಲ. ಹಳೆಯದನ್ನೆಲ್ಲ ಇನ್ನಾದರೂ ಬಿಡಬಾರದಾ ಅಂತ ಹೋದ ವಾರ ಯಾರೋ ಅವಳಿಗೆ ಬುದ್ಧಿ ಹೇಳಲು ಬಂದಿದ್ದರು. ಅವಳು ಅವರಿಗೆ ಕುರ್ಚಿ ಹಾಕಿ, ಟೀ ತರಿಸಿ ಕೊಟ್ಟು, ಮುಂದಿನ ಫೋನ್ ಎತ್ತಿದಳು.